ಸಂಜೆಗೆ ಮನೆಗೆ ಬರುವ ಶಾಲೆ

ಮಗಳನ್ನು ಮುಂದೆ ಓದಿಸುವ ಮಾತು ಬಂದಾಗ ನಮ್ಮ ರಟ್ಟೀಹಳ್ಳಿಯ ತಾಯ್ತಂದೆಗಳು ಮೊದಲು ವಿಚಾರಿಸುವುದು ಪಾಠಗಳನ್ನಲ್ಲ; "ಸಂಜೆಗೆ ಮನೆಗೆ ಬರುವಳೋ?" ಎಂಬುದನ್ನೇ. ಈ ಪ್ರಶ್ನೆಯನ್ನು ಹಗುರವಾಗಿ ಎಣಿಸಲಾಗದು. ಹಗಲುಶಾಲೆಯೆಂಬುದು ಇದಕ್ಕೆ ದೊರೆತ ಉತ್ತರವೇ ಆಗಿದೆ. ಅದಕ್ಕೆ ನಿದರ್ಶನವಾಗಿ ಮಂಗಳೂರಿನ ಕೆನರಾ ಶಾಲೆಗಳ ವೃತ್ತಾಂತವನ್ನು ಸಂಗ್ರಹವಾಗಿ ಹೇಳುವೆನು.

ಆಗ ಮಂಗಳೂರು ಮದ್ರಾಸು ಆಧಿಪತ್ಯಕ್ಕೂ, ನಮ್ಮ ಸೀಮೆಯು ಮುಂಬಯಿ ಆಧಿಪತ್ಯಕ್ಕೂ ಸೇರಿದ್ದವು. ಎರಡಕ್ಕೂ ಅನ್ವಯಿಸಿದ 1854ನೆಯ ಇಸವಿಯ ವುಡ್ಡರ ಶಿಕ್ಷಣಪತ್ರವು, ಖಾಸಗಿಯವರು ನಡೆಸುವ ಶಾಲೆಗಳಿಗೂ ಸರಕಾರವು ಸಹಾಯಧನ ಕೊಡಬಹುದೆಂದು ವಿಧಿಸಿತು. ಮಂಗಳೂರಿನಲ್ಲಿ 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರೂ, 1880ರಿಂದ ಸಂತ ಅಲೋಶಿಯಸ್ ಕಾಲೇಜಿನವರೂ ವಿದ್ಯಾದಾನ ಮಾಡುತ್ತಿದ್ದರು. ಊರವರೇ ನಡೆಸುವ ಪ್ರೌಢಶಾಲೆಯೂ ಬೇಕೆಂದು ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಯವರು 1891ರಲ್ಲಿ ಕೆನರಾ ಹೈಸ್ಕೂಲನ್ನೂ, 1894ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನೂ ಸ್ಥಾಪಿಸಿದರು. ಈಗ ಕೆನರಾ ಬ್ಯಾಂಕೆನಿಸಿದ ನಿಧಿಯನ್ನು ಅವರು ಆರಂಭಿಸಿದ್ದು 1906ರಲ್ಲಿ. ಈ ಕ್ರಮವನ್ನು ವಾಚಕರು ಗಮನಿಸಬೇಕು. ಹಣದ ನಿಧಿ ಕೂಡಲಿ, ಆಮೇಲೆ ಕನ್ಯಾಶಾಲೆಯೆಂದು ಕಾದಿದ್ದರೆ ಹನ್ನೆರಡು ವರುಷಗಳ ಹುಡುಗಿಯರು ಅಕ್ಷರವಿಲ್ಲದೆ ದೊಡ್ಡವರಾಗಿಬಿಡುತ್ತಿದ್ದರು. 1969ರಲ್ಲಿ ಬ್ಯಾಂಕು ರಾಷ್ಟ್ರದ ಸ್ವತ್ತಾಯಿತು. ಶಾಲೆಗಳಾದರೋ ತಮ್ಮ ಆಡಳಿತ ಸಂಘದ ಕೈಯಲ್ಲೇ ಉಳಿದಿವೆ.

ಇನ್ನು ಹಗಲುಶಾಲೆಯ ಗುಣವನ್ನು ನೋಡೋಣ. ಬೋರ್ಡಿಂಗಿನ ಮಗುವಿಗೆ ಒಂದೇ ಶಿಸ್ತು. ಹಗಲುಶಾಲೆಯ ಮಗುವಿಗೆ ಶಾಲೆಯದೊಂದು, ಮನೆಯದೊಂದು. ಬೆಳಿಗ್ಗೆ ಕಲಿತದ್ದನ್ನು ಸಂಜೆ ಅಜ್ಜಿಯು ಪ್ರಶ್ನಿಸುತ್ತಾಳೆ. ಓದುಬಾರದ ತಾಯಿಗೆ ಮಗಳು ಕಾಗದ ಓದಿ ಹೇಳುತ್ತಾಳೆ. ಹೀಗೆ ಒಬ್ಬಳ ವಿದ್ಯೆಯು ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಆದರೆ ದೋಷವೂ ಅಲ್ಲಿಯೇ ಉಂಟು. ಸುಗ್ಗಿ ಬಂದರೆ, ಕೂಸನ್ನು ನೋಡಿಕೊಳ್ಳಬೇಕಾದರೆ, ಸಂಬಂಧ ಕೂಡಿಬಂದರೆ, ಆ ಹುಡುಗಿಯ ಜಾಗ ಬರಿದಾಗುತ್ತದೆ. ಊರವರ ಶಾಲೆಯು ಊರವರ ಮಾತಿಗೆ ಬಾಧ್ಯವಾಗಿರುವುದು ಸರಿಯೇ. ಊರವರ ತಪ್ಪಭಿಪ್ರಾಯಕ್ಕೂ ತಲೆಬಾಗಿದರೆ ಮಾತ್ರ ಅದು ಶಾಲೆಯಾಗಿ ಉಳಿಯಲಾರದು.

2009ರ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವರುಷದ ಮಕ್ಕಳಿಗೆ ಆಶ್ರಯವಿತ್ತಿದೆ. ಒಂಬತ್ತು, ಹತ್ತನೆಯ ತರಗತಿಗಳ ಬಹುಮಂದಿ ಹುಡುಗಿಯರು ಈ ಮಿತಿಯನ್ನು ದಾಟಿದವರು. ಶಾಲೆ ಬಿಡಿಸುವ ಮಾತು ಏಳುವುದೂ ಆ ವಯಸ್ಸಿನಲ್ಲಿಯೇ. ಅಲ್ಲಿ ಅವರಿಗೆ ಆಸರೆಯಾಗಬೇಕಾದವರು ಮನೆಯವರು, ಮತ್ತು ಹಿಂದೆ ಅದೇ ಬೆಂಚಿನ ಮೇಲೆ ಕುಳಿತಿದ್ದ ನೀವು.

ಆದುದರಿಂದ, ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಓಣಿಯಲ್ಲಿ ಹುಡುಗಿಯೊಬ್ಬಳು ಶಾಲೆಗೆ ಬಾರದೆ ನಿಂತರೆ ಆ ಮನೆಯ ಹೊಸ್ತಿಲಿಗೆ ಹೋಗಿ ಕಾರಣ ಕೇಳಿರಿ. ತಾಯ್ತಂದೆಗಳೇ, ಸಂಜೆ ನಿಮ್ಮ ಮಗಳನ್ನು ಮನೆಗೆ ಕಳುಹಿಸುವ ಭಾರ ನಮ್ಮದು. ಬೆಳಿಗ್ಗೆ ಅವಳನ್ನು ತಿರುಗಿ ಕಳುಹಿಸುವ ಭಾರ ನಿಮ್ಮದು.