ದಕ್ಷಿಣ ಕೊರಿಯಾದಲ್ಲಿ ಕ್ಲಿನಿಕಲ್ ಸಂಶೋಧನೆ

ರೋಗಿಗಳನ್ನು ಅಥವಾ ಆರೋಗ್ಯವಂತ ಸ್ವಯಂಸೇವಕರನ್ನು ನೇರವಾಗಿ ಒಳಗೊಂಡು, ಅಥವಾ ಅವರ ಚಿಕಿತ್ಸೆಯ ದಾಖಲೆಗಳನ್ನು ಆಧರಿಸಿ ನಡೆಯುವ ಅಧ್ಯಯನಗಳನ್ನು ಕ್ಲಿನಿಕಲ್ ಸಂಶೋಧನೆ ಎನ್ನುತ್ತಾರೆ. ದಕ್ಷಿಣ ಕೊರಿಯಾದಲ್ಲಿ ಇಂತಹ ಸಂಶೋಧನೆಯು ಸೋಂಕುರೋಗ, ಯಕೃತ್ತಿನ ರೋಗ, ಕ್ಯಾನ್ಸರ್, ಹೃದ್ರೋಗ, ಶ್ವಾಸಕೋಶದ ರೋಗ ಮೊದಲಾದ ಹಲವು ವಿಭಾಗಗಳಲ್ಲಿ ನಡೆದಿದೆ. ರಾಜಧಾನಿ ಸಿಯೋಲ್‌ನಲ್ಲಿ ಕೇಂದ್ರೀಕೃತವಾಗಿರುವ ಬೃಹತ್ ಆಸ್ಪತ್ರೆಗಳು, ದೇಶದ ಎಲ್ಲರನ್ನೂ ಒಳಗೊಂಡ ಒಂದೇ ಆರೋಗ್ಯ ವಿಮೆ ಹಾಗೂ ಸರ್ಕಾರವೇ ನಡೆಸುವ ಆರೋಗ್ಯ ತಪಾಸಣೆ ಇದಕ್ಕೆ ಆಧಾರವಾಗಿವೆ. ಇದೇ ವ್ಯವಸ್ಥೆಯಿಂದ ಕೆಲವು ಅನರ್ಥಗಳೂ ಉಂಟಾಗಿದ್ದು, ಅವುಗಳನ್ನು ಬೆಳಕಿಗೆ ತಂದದ್ದೂ ಬಹುಮಟ್ಟಿಗೆ ಅದೇ ದೇಶದ ಸಂಶೋಧಕರು ಎಂಬುದು ಗಮನಾರ್ಹ.

ಕೊರಿಯಾದಲ್ಲಿ ಆಧುನಿಕ ವೈದ್ಯಪದ್ಧತಿ ಮತ್ತು ಸಾಂಪ್ರದಾಯಿಕ ವೈದ್ಯಪದ್ಧತಿ ಎರಡಕ್ಕೂ ಕಾನೂನಿನ ಮಾನ್ಯತೆಯಿದೆ. ಎರಡಕ್ಕೂ ಪ್ರತ್ಯೇಕ ಕಾಲೇಜುಗಳು ಮತ್ತು ಪ್ರತ್ಯೇಕ ಪರವಾನಗಿಗಳಿವೆ. ಹೊ ಜುನ್ ಎಂಬ ರಾಜವೈದ್ಯನು ಸಂಕಲಿಸಿ 1613ರಲ್ಲಿ ಮುದ್ರಣಗೊಂಡ ‘ದೊಂಗುಯ್ ಬೊಗಮ್’ ಸಾಂಪ್ರದಾಯಿಕ ಪದ್ಧತಿಯ ಮುಖ್ಯ ಗ್ರಂಥ. ಈ ಲೇಖನವು ಆಧುನಿಕ ಪದ್ಧತಿಯ ಸಂಶೋಧನೆಗೆ ಸೀಮಿತವಾಗಿದೆ.

ಇತಿಹಾಸ

1884ರ ಡಿಸೆಂಬರ್‌ನಲ್ಲಿ ಸಿಯೋಲ್‌ನಲ್ಲಿ ನಡೆದ ಗಪ್ಸಿನ್ ಕ್ಷಿಪ್ರಕ್ರಾಂತಿಯಲ್ಲಿ ರಾಣಿಯ ಬಂಧುವಾದ ಮಿನ್ ಯೊಂಗ್-ಇಕ್ ಕತ್ತಿಯ ಏಟಿನಿಂದ ತೀವ್ರವಾಗಿ ಗಾಯಗೊಂಡನು. ಅಮೆರಿಕದ ಮಿಷನರಿ ವೈದ್ಯ ಹೊರೇಸ್ ಅಲೆನ್ ಅವನನ್ನು ಬದುಕಿಸಿದರು. ಇದರಿಂದ ಸಂತುಷ್ಟನಾದ ದೊರೆ ಗೊಜೊಂಗ್ 1885ರಲ್ಲಿ ಪಾಶ್ಚಾತ್ಯ ಪದ್ಧತಿಯ ಆಸ್ಪತ್ರೆಯೊಂದನ್ನು ತೆರೆಯಲು ಅನುಮತಿ ನೀಡಿದನು. ಅದೇ ಜೆಜುಂಗ್ವೊನ್. ಮೊದಲ ವರ್ಷ ಅಲ್ಲಿಗೆ ಬಂದ ಹತ್ತು ಸಾವಿರಕ್ಕೂ ಹೆಚ್ಚು ಹೊರರೋಗಿಗಳ ಕಾಯಿಲೆಗಳನ್ನು ವಿಂಗಡಿಸಿ ಅಲೆನ್ ಮತ್ತು ಅವರ ಸಹೋದ್ಯೋಗಿ ಜಾನ್ ಹೆರನ್ ವರದಿಯೊಂದನ್ನು ಸಿದ್ಧಪಡಿಸಿದರು. ಕೊರಿಯಾದ ರೋಗಿಗಳ ಕುರಿತ ಆಧುನಿಕ ರೀತಿಯ ಆರಂಭಿಕ ದಾಖಲೆಗಳಲ್ಲಿ ಇದೂ ಒಂದು. ಈ ಆಸ್ಪತ್ರೆ 1904ರಲ್ಲಿ ಸೆವರೆನ್ಸ್ ಆಸ್ಪತ್ರೆಯಾಗಿ ಹೊಸ ಕಟ್ಟಡ ಪಡೆಯಿತು. 1908ರಲ್ಲಿ ಅದರ ವೈದ್ಯಶಾಲೆಯಿಂದ ಏಳು ಮಂದಿ ಕೊರಿಯನ್ನರು ಪದವಿ ಪಡೆದರು.

1910ರಿಂದ 1945ರವರೆಗಿನ ಜಪಾನೀ ಆಳ್ವಿಕೆಯಲ್ಲಿ ವೈದ್ಯಕೀಯ ಶಿಕ್ಷಣ ಮತ್ತು ಸಂಶೋಧನೆಗಳು ಜಪಾನೀಯರ ಹಿಡಿತದಲ್ಲಿದ್ದವು. ಅನಂತರದ ಕೊರಿಯಾ ಯುದ್ಧ (1950–53) ಇದ್ದ ಸೌಲಭ್ಯಗಳನ್ನೂ ನಾಶಮಾಡಿತು. 1954ರಲ್ಲಿ ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯವು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದೊಂದಿಗೆ ಒಪ್ಪಂದ ಮಾಡಿಕೊಂಡಿತು. ಅದರಂತೆ ಮಿನೆಸೋಟಕ್ಕೆ ತೆರಳಿ ತರಬೇತಿ ಪಡೆದ ವೈದ್ಯರು ಹಿಂದಿರುಗಿ, ರೋಗಿಯ ಹಾಸಿಗೆಯ ಪಕ್ಕದಲ್ಲೇ ಕಲಿಸುವ ಕ್ರಮವನ್ನು ಬಳಕೆಗೆ ತಂದರು.

ಹಂಟಾನ್ ವೈರಸ್ ಮತ್ತು ಹೆಪಟೈಟಿಸ್ ಬಿ

ಯುದ್ಧಕಾಲದಲ್ಲಿ ವಿಶ್ವಸಂಸ್ಥೆಯ ಪಡೆಗಳ 3,000ಕ್ಕೂ ಹೆಚ್ಚು ಸೈನಿಕರಿಗೆ ವಿಚಿತ್ರವಾದ ಜ್ವರವೊಂದು ತಗುಲಿತು. ರಕ್ತಸ್ರಾವ ಮತ್ತು ಮೂತ್ರಪಿಂಡಗಳ ವೈಫಲ್ಯ ಅದರ ಮುಖ್ಯ ಲಕ್ಷಣಗಳಾಗಿದ್ದವು. ಎರಡು ದಶಕ ಹುಡುಕಿದರೂ ರೋಗಕಾರಕ ಸಿಕ್ಕಿರಲಿಲ್ಲ. 1976ರಲ್ಲಿ ಲೀ ಹೋ-ವಾಂಗ್ ಅವರು ಬೆನ್ನಿನ ಮೇಲೆ ಕಪ್ಪು ಗೆರೆಯಿರುವ ಹೊಲದ ಇಲಿಯ ಶ್ವಾಸಕೋಶದಲ್ಲಿ ಅದನ್ನು ಗುರುತಿಸಿದರು. ಗುಣಮುಖರಾದ ರೋಗಿಗಳ ರಕ್ತದಲ್ಲಿನ ಪ್ರತಿಕಾಯಗಳು ಇಲಿಯ ಶ್ವಾಸಕೋಶದ ಅಂಗಾಂಶಕ್ಕೆ ಅಂಟಿಕೊಳ್ಳುತ್ತವೆಯೇ ಎಂದು ನೋಡುವುದು ಅವರ ವಿಧಾನವಾಗಿತ್ತು. ವೈರಸ್‌ಗೆ ಸಮೀಪದ ಹಂಟಾನ್ ನದಿಯ ಹೆಸರಿಡಲಾಯಿತು. ಇಂದು ಜಗತ್ತಿನ ಹಲವು ಭಾಗಗಳಲ್ಲಿ ಕಾಣಸಿಗುವ ಹಂಟಾವೈರಸ್ ಗುಂಪಿನ ಹೆಸರು ಬಂದಿರುವುದು ಇದರಿಂದಲೇ.

ಹೆಪಟೈಟಿಸ್ ಬಿ ಕುರಿತ ಕೆಲಸದ ಪರಿಣಾಮ ಇನ್ನೂ ವ್ಯಾಪಕವಾದುದು. ಈ ಸೋಂಕು ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ ದಾಟುತ್ತದೆ. ಹಾಗೆ ಬಂದ ಸೋಂಕು ಬಹುತೇಕ ಜೀವನಪರ್ಯಂತ ಉಳಿದು, ನಡುವಯಸ್ಸಿನಲ್ಲಿ ಯಕೃತ್ತಿನ ಕ್ಯಾನ್ಸರಿಗೆ ದಾರಿಯಾಗಬಹುದು. ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಕಿಮ್ ಚುಂಗ್-ಯೊಂಗ್ ಅವರ ಸಂಶೋಧನೆಯ ಆಧಾರದ ಮೇಲೆ 1983ರಲ್ಲಿ ದೇಶೀಯ ಲಸಿಕೆ ಬಳಕೆಗೆ ಬಂತು. 1995ರಿಂದ ಎಲ್ಲ ನವಜಾತ ಶಿಶುಗಳಿಗೂ ಲಸಿಕೆ ಹಾಕಲಾರಂಭಿಸಿದರು. ಸೋಂಕಿತ ತಾಯಂದಿರ ಶಿಶುಗಳಿಗೆ ಲಸಿಕೆಯ ಜೊತೆಗೆ ಪ್ರತಿಕಾಯದ ಚುಚ್ಚುಮದ್ದನ್ನೂ ನೀಡುವ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ಆರಂಭವಾಯಿತು. ಎಳೆಯ ಮಕ್ಕಳಲ್ಲಿ ಸೋಂಕು ಈಗ ಶೇ. 1ಕ್ಕಿಂತ ಬಹಳ ಕಡಿಮೆಯಿದೆ.

ವಿಮೆಯ ದತ್ತಾಂಶ

ಕಡ್ಡಾಯ ಆರೋಗ್ಯ ವಿಮೆಯು 1977ರಲ್ಲಿ ದೊಡ್ಡ ಉದ್ದಿಮೆಗಳ ನೌಕರರಿಂದ ಆರಂಭವಾಗಿ, 1989ರ ವೇಳೆಗೆ ದೇಶದ ಜನರೆಲ್ಲರಿಗೂ ವಿಸ್ತರಿಸಿತು. 2000ದಲ್ಲಿ ವಿವಿಧ ವಿಮಾ ಸಂಘಗಳು ಒಂದೇ ಸಂಸ್ಥೆಯಲ್ಲಿ ವಿಲೀನಗೊಂಡವು. ಆಸ್ಪತ್ರೆಯು ಹಣ ಪಡೆಯಬೇಕಾದರೆ ರೋಗದ ಹೆಸರು, ಮಾಡಿದ ಪರೀಕ್ಷೆ ಮತ್ತು ಕೊಟ್ಟ ಔಷಧಗಳ ವಿವರವನ್ನು ಸಲ್ಲಿಸಬೇಕು. ಹೀಗೆ ಲೆಕ್ಕಪತ್ರಕ್ಕಾಗಿ ಸಂಗ್ರಹವಾದ ಮಾಹಿತಿಯು ಸಂಶೋಧಕರಿಗೆ ಭಂಡಾರವಾಗಿ ಒದಗಿತು. ಹೆಸರು ಮತ್ತು ಗುರುತನ್ನು ಅಳಿಸಿದ, ಸುಮಾರು ಹತ್ತು ಲಕ್ಷ ಜನರ ಮಾದರಿ ದತ್ತಾಂಶವನ್ನು ವಿಮಾ ಸಂಸ್ಥೆಯೇ ಸಂಶೋಧನೆಗೆ ಒದಗಿಸುತ್ತದೆ. ಸರ್ಕಾರಿ ತಪಾಸಣೆಯಲ್ಲಿ ಅಳೆದ ತೂಕ, ರಕ್ತದೊತ್ತಡ, ರಕ್ತದ ಸಕ್ಕರೆ, ಧೂಮಪಾನದ ವಿವರಗಳನ್ನೂ ಇದಕ್ಕೆ ಜೋಡಿಸಬಹುದು.

ಆದರೆ ಈ ದತ್ತಾಂಶದ ಮಿತಿಗಳನ್ನು ಮರೆಯುವಂತಿಲ್ಲ. ವಿಮಾ ಅರ್ಜಿಯಲ್ಲಿನ ರೋಗದ ಹೆಸರನ್ನು ಬರೆದಿರುವುದು ಹಣ ಪಡೆಯುವುದಕ್ಕಾಗಿ. ಅದು ಯಾವಾಗಲೂ ವೈದ್ಯರ ಅಂತಿಮ ತೀರ್ಮಾನವೇ ಆಗಿರಬೇಕೆಂದಿಲ್ಲ. ಒಂದು ಔಷಧ ಮತ್ತು ಒಂದು ರೋಗ ಒಟ್ಟಿಗೆ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದೂ ಹೇಳಲಾಗದು. ಕೊರಿಯಾದ ಪ್ರಬಂಧಗಳನ್ನು ಉಲ್ಲೇಖಿಸುವ ಸುದ್ದಿಗಳಲ್ಲಿ ಈ ವ್ಯತ್ಯಾಸ ಅನೇಕ ವೇಳೆ ಕಳೆದುಹೋಗುತ್ತದೆ.

ಜಠರದ ಕ್ಯಾನ್ಸರ್

ಜಠರದ ಕ್ಯಾನ್ಸರ್ ಕೊರಿಯಾದಲ್ಲಿ ಬಹಳ ಸಾಮಾನ್ಯ. ಆದುದರಿಂದ 40 ವರ್ಷ ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಸರ್ಕಾರವೇ ತಪಾಸಣೆ ಒದಗಿಸುತ್ತದೆ. ರೋಗವು ಆರಂಭದಲ್ಲೇ ಪತ್ತೆಯಾಗುವುದರಿಂದ, ಬೇರೆ ದೇಶಗಳಲ್ಲಿ ರೋಗಿಗಳೇ ಸಿಗದ ಹಂತದ ಚಿಕಿತ್ಸೆಗಳನ್ನು ಇಲ್ಲಿ ಪರೀಕ್ಷಿಸಲು ಸಾಧ್ಯವಾಗಿದೆ.

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಈ ಕ್ಯಾನ್ಸರಿನ ಮುಖ್ಯ ಕಾರಣಗಳಲ್ಲಿ ಒಂದು. ಅದನ್ನು ನಾಶಮಾಡಿದರೆ ಕ್ಯಾನ್ಸರನ್ನು ತಡೆಯಬಹುದೇ ಎಂಬುದನ್ನು ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ಚೊಯ್ ಇಲ್-ಜು ಮತ್ತು ಸಂಗಡಿಗರು ಎರಡು ಪ್ರಯೋಗಗಳಲ್ಲಿ ಪರಿಶೀಲಿಸಿದರು. 2018ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ, ಆರಂಭಿಕ ಕ್ಯಾನ್ಸರಿನ ಗಡ್ಡೆಯನ್ನು ಎಂಡೋಸ್ಕೋಪಿಯಿಂದ ತೆಗೆಸಿಕೊಂಡವರಿದ್ದರು. ಬ್ಯಾಕ್ಟೀರಿಯಾ ನಿರ್ಮೂಲನ ಚಿಕಿತ್ಸೆ ಪಡೆದವರಲ್ಲಿ ಶೇ. 7.2ರಷ್ಟು ಮಂದಿಗೆ ಮತ್ತೆ ಹೊಸದಾಗಿ ಕ್ಯಾನ್ಸರ್ ಬಂದರೆ, ತೋರಿಕೆಯ ಮಾತ್ರೆ ಪಡೆದವರಲ್ಲಿ ಈ ಪ್ರಮಾಣ ಶೇ. 13.4 ಆಗಿತ್ತು. 2020ರ ಎರಡನೆಯ ಪ್ರಯೋಗದಲ್ಲಿ, ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದವರನ್ನು ಆಯ್ದುಕೊಳ್ಳಲಾಯಿತು. ಅಲ್ಲಿ ಪ್ರಮಾಣಗಳು ಕ್ರಮವಾಗಿ ಶೇ. 1.2 ಮತ್ತು ಶೇ. 2.7 ಆಗಿದ್ದವು. ಎರಡರಲ್ಲೂ ಅಪಾಯ ಸರಿಸುಮಾರು ಅರ್ಧಕ್ಕೆ ಇಳಿದಿತ್ತು.

ಹೃದ್ರೋಗ ವಿಭಾಗದಲ್ಲಿ 2021ರಲ್ಲಿ ಪ್ರಕಟವಾದ ‘ಹೋಸ್ಟ್-ಎಕ್ಸಾಂ’ ಪ್ರಯೋಗ ಪ್ರಸಿದ್ಧವಾದುದು. ರಕ್ತನಾಳಕ್ಕೆ ಸ್ಟೆಂಟ್ ಅಳವಡಿಸಿಕೊಂಡ 5,000ಕ್ಕೂ ಹೆಚ್ಚು ರೋಗಿಗಳಲ್ಲಿ ದೀರ್ಘಕಾಲದ ಬಳಕೆಗೆ ಆಸ್ಪಿರಿನ್‌ಗಿಂತ ಕ್ಲೋಪಿಡೋಗ್ರೆಲ್ ಮೇಲು ಎಂದು ಅದು ತೋರಿಸಿತು. ಕ್ಲೋಪಿಡೋಗ್ರೆಲ್ ಔಷಧವನ್ನು ದೇಹದಲ್ಲಿ ಸಕ್ರಿಯಗೊಳಿಸುವ ಕಿಣ್ವವು ದುರ್ಬಲವಾಗಿರುವವರು ಪೂರ್ವ ಏಷ್ಯಾದಲ್ಲಿ ಹೆಚ್ಚು. ಹಾಗಿದ್ದೂ ಈ ಫಲಿತಾಂಶ ಬಂದುದು ಚರ್ಚೆಗೆ ಕಾರಣವಾಯಿತು.

ಥೈರಾಯ್ಡ್ ಕ್ಯಾನ್ಸರಿನ ‘ಸಾಂಕ್ರಾಮಿಕ’

1999ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆಯಲ್ಲಿ ಥೈರಾಯ್ಡ್ ಸೇರಿರಲಿಲ್ಲ. ಆದರೆ ತಪಾಸಣೆಗೆ ಬಂದವರಿಗೆ ಆಸ್ಪತ್ರೆಗಳು ಅಲ್ಪ ಶುಲ್ಕಕ್ಕೆ ಕುತ್ತಿಗೆಯ ಅಲ್ಟ್ರಾಸೌಂಡ್ ಪರೀಕ್ಷೆಯನ್ನೂ ಮಾಡತೊಡಗಿದವು. ಪರಿಣಾಮವಾಗಿ 2011ರಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣವು 1993ರಲ್ಲಿದ್ದುದಕ್ಕಿಂತ 15 ಪಟ್ಟು ಹೆಚ್ಚಿತು. ಆ ಒಂದೇ ವರ್ಷ 40,000ಕ್ಕೂ ಹೆಚ್ಚು ಜನರಿಗೆ ಈ ಕ್ಯಾನ್ಸರ್ ಇದೆಯೆಂದು ಹೇಳಲಾಯಿತು. ಆದರೆ ಅದರಿಂದ ಸಾಯುವವರ ಸಂಖ್ಯೆ ಮಾತ್ರ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ.

ರೋಗವೇ ಹೆಚ್ಚಿದ್ದರೆ ಸಾವುಗಳು ಹೆಚ್ಚಬೇಕಿತ್ತು; ಬೇಗನೆ ಪತ್ತೆಹಚ್ಚಿದ್ದರಿಂದ ಲಾಭವಾಗಿದ್ದರೆ ಸಾವುಗಳು ಇಳಿಯಬೇಕಿತ್ತು. ಎರಡೂ ಆಗಲಿಲ್ಲವೆಂದರೆ, ಎಂದಿಗೂ ತೊಂದರೆ ಕೊಡದೆ ಉಳಿಯುತ್ತಿದ್ದ ಸಣ್ಣ ಗಡ್ಡೆಗಳನ್ನು ಹುಡುಕಿ ತೆಗೆಯಲಾಗುತ್ತಿತ್ತು ಎಂದರ್ಥ. ಇದನ್ನು ಅತಿಪತ್ತೆ ಎನ್ನಬಹುದು. ಬೇರೆ ಕಾರಣಗಳಿಂದ ಸತ್ತ ವಯಸ್ಕರ ಶವಪರೀಕ್ಷೆಗಳಲ್ಲಿಯೂ ಸುಮಾರು ಮೂರನೇ ಒಂದು ಭಾಗದವರಲ್ಲಿ ಇಂತಹ ಗಡ್ಡೆಗಳು ಕಂಡುಬಂದಿರುವುದುಂಟು.

ಅತಿಪತ್ತೆಯ ಬೆಲೆಯನ್ನು ತೆತ್ತವರು ರೋಗಿಗಳು. ಗ್ರಂಥಿಯನ್ನು ಪೂರ್ತಿಯಾಗಿ ತೆಗೆಸಿಕೊಂಡವರು ಜೀವಮಾನವಿಡೀ ಹಾರ್ಮೋನ್ ಮಾತ್ರೆ ನುಂಗಬೇಕು. ವಿಮಾ ದಾಖಲೆಗಳ ಪ್ರಕಾರ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಶೇ. 11ರಷ್ಟು ಮಂದಿಯಲ್ಲಿ ಕ್ಯಾಲ್ಸಿಯಂ ನಿಯಂತ್ರಿಸುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕೆಲಸ ನಿಲ್ಲಿಸಿದ್ದವು, ಶೇ. 2ರಷ್ಟು ಮಂದಿಯ ಧ್ವನಿತಂತುಗಳಿಗೆ ಪಾರ್ಶ್ವವಾಯು ತಗುಲಿತ್ತು. ಆನ್ ಹ್ಯೊಂಗ್-ಸಿಕ್ ಮತ್ತು ಸಂಗಡಿಗರು ಈ ಅಂಕಿಅಂಶಗಳನ್ನು 2014ರಲ್ಲಿ ಪ್ರಕಟಿಸಿದರು. ಅದೇ ವರ್ಷ ವೈದ್ಯರ ಗುಂಪೊಂದು ಲಕ್ಷಣಗಳಿಲ್ಲದವರಿಗೆ ಈ ಪರೀಕ್ಷೆ ಮಾಡಬಾರದೆಂದು ಬಹಿರಂಗವಾಗಿ ಕೋರಿತು. ಮುಂದಿನ ಒಂದು ವರ್ಷದಲ್ಲಿ ಥೈರಾಯ್ಡ್ ಶಸ್ತ್ರಚಿಕಿತ್ಸೆಗಳು ಸುಮಾರು ಮೂರನೇ ಒಂದು ಭಾಗದಷ್ಟು ಇಳಿದವು.

ಆರ್ದ್ರಕಾರಿ ಯಂತ್ರದ ಸೋಂಕುನಿವಾರಕ ಪ್ರಕರಣ

ಕೊರಿಯಾದ ಚಳಿಗಾಲದ ಗಾಳಿ ಬಹಳ ಒಣಗಿರುತ್ತದೆ. ಬೆಚ್ಚಗಿನ ಮನೆಗಳಲ್ಲಿ ತೇವಾಂಶಕ್ಕಾಗಿ ನೀರಿನ ಸೂಕ್ಷ್ಮ ಹನಿಗಳನ್ನು ಚಿಮ್ಮಿಸುವ ಯಂತ್ರಗಳನ್ನು ಇಡುತ್ತಾರೆ. ಯಂತ್ರದ ನೀರಿನಲ್ಲಿ ಪಾಚಿ ಮತ್ತು ಬ್ಯಾಕ್ಟೀರಿಯಾ ಬೆಳೆಯದಂತೆ ಅದರಲ್ಲಿ ಬೆರೆಸುವ ರಾಸಾಯನಿಕವು 1994ರಿಂದ ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು.

2011ರ ವಸಂತದಲ್ಲಿ ಸಿಯೋಲ್‌ನ ಆಸಾನ್ ಮೆಡಿಕಲ್ ಸೆಂಟರ್‌ನ ತೀವ್ರ ನಿಗಾ ಘಟಕಕ್ಕೆ ಉಸಿರಾಟದ ವೈಫಲ್ಯದಿಂದ ಬಳಲುತ್ತಿದ್ದ ಯುವತಿಯರು ಒಬ್ಬರ ಹಿಂದೊಬ್ಬರಂತೆ ಬಂದರು. ಅವರಲ್ಲಿ ಹೆಚ್ಚಿನವರು ಗರ್ಭಿಣಿಯರು ಅಥವಾ ಬಾಣಂತಿಯರು. ವೈರಸ್ ಮತ್ತು ಬ್ಯಾಕ್ಟೀರಿಯಾಗಳಿಗಾಗಿ ನಡೆಸಿದ ಪರೀಕ್ಷೆಗಳು ಫಲ ನೀಡಲಿಲ್ಲ. ವೈದ್ಯರು ಸರ್ಕಾರದ ರೋಗ ನಿಯಂತ್ರಣ ಕೇಂದ್ರಕ್ಕೆ ವರದಿ ಮಾಡಿದರು. ರೋಗಿಗಳನ್ನೂ ಈ ರೋಗವಿಲ್ಲದ ಇತರರನ್ನೂ ಹೋಲಿಸಿ, ಮನೆಯಲ್ಲಿ ಯಾವ ಯಾವ ವಸ್ತುಗಳನ್ನು ಬಳಸುತ್ತಿದ್ದರೆಂದು ಕೇಳಲಾಯಿತು. ಸೋಂಕುನಿವಾರಕ ಬಳಸಿದವರಲ್ಲಿ ರೋಗದ ಸಾಧ್ಯತೆ ಸುಮಾರು 47 ಪಟ್ಟು ಹೆಚ್ಚಿರುವುದು ಕಂಡುಬಂತು. ಆಗಸ್ಟ್ ಕೊನೆಯಲ್ಲಿ ಸರ್ಕಾರ ಎಚ್ಚರಿಕೆ ನೀಡಿತು. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿಯೂ ಅದೇ ಬಗೆಯ ಹಾನಿ ಕಂಡ ಬಳಿಕ, ನವೆಂಬರ್‌ನಲ್ಲಿ ಉತ್ಪನ್ನಗಳನ್ನು ಮಾರುಕಟ್ಟೆಯಿಂದ ಹಿಂತೆಗೆಸಿತು.

ಮಕ್ಕಳ ವೈದ್ಯರು 2006ರಿಂದಲೇ ಪ್ರತಿ ವಸಂತದಲ್ಲೂ ಇಂತಹ ಶ್ವಾಸಕೋಶ ರೋಗವನ್ನು ಕಾಣುತ್ತಿದ್ದರು. ಅನೇಕ ಮಕ್ಕಳು ಸಾವನ್ನಪ್ಪಿದ್ದರು. ಕಾರಣ ಮಾತ್ರ ಹೊಳೆದಿರಲಿಲ್ಲ. ಮಾರಾಟ ನಿಂತ ಮೇಲೆ ಹೊಸ ಪ್ರಕರಣಗಳು ಬರಲಿಲ್ಲ. ಚರ್ಮಕ್ಕೆ ತಗುಲಿದರೆ ಅಷ್ಟೇನೂ ಅಪಾಯಕಾರಿಯಲ್ಲದ ರಾಸಾಯನಿಕವನ್ನು ಉಸಿರಿನೊಂದಿಗೆ ಎಳೆದುಕೊಂಡರೆ ಏನಾಗುತ್ತದೆ ಎಂಬುದನ್ನು ಮಾರಾಟಕ್ಕೆ ಮುಂಚೆ ಸರಿಯಾಗಿ ಪರೀಕ್ಷಿಸಿರಲಿಲ್ಲ. ಸಂತ್ರಸ್ತರ ಪರಿಹಾರಕ್ಕಾಗಿ 2017ರಲ್ಲಿ ವಿಶೇಷ ಕಾನೂನು ಜಾರಿಗೆ ಬಂತು.

ನೈತಿಕತೆ ಮತ್ತು ನಿಯಂತ್ರಣ

ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಹ್ವಾಂಗ್ ವೂ-ಸುಕ್ ಅವರು ತದ್ರೂಪಿ ಮಾನವ ಭ್ರೂಣದಿಂದ ಕಾಂಡಕೋಶಗಳನ್ನು ಪಡೆದಿರುವುದಾಗಿ 2004 ಮತ್ತು 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ದೂರದರ್ಶನ ವಾಹಿನಿಯೊಂದರ ತನಿಖಾ ಕಾರ್ಯಕ್ರಮ ಮತ್ತು ಯುವ ವಿಜ್ಞಾನಿಗಳ ಪ್ರಶ್ನೆಗಳಿಂದಾಗಿ ದತ್ತಾಂಶ ಕಲ್ಪಿತವೆಂಬುದು ಬಯಲಾಯಿತು. 2006ರ ಜನವರಿಯಲ್ಲಿ ಪತ್ರಿಕೆಯು ಎರಡೂ ಪ್ರಬಂಧಗಳನ್ನು ಹಿಂತೆಗೆದುಕೊಂಡಿತು. ಅವರ ಪ್ರಯೋಗಾಲಯದ ಕಿರಿಯ ಸಂಶೋಧಕಿಯರಿಂದಲೇ ಅಂಡಾಣುಗಳನ್ನು ಪಡೆದಿದ್ದುದು ಅಷ್ಟೇ ಗಂಭೀರವಾದ ದೋಷವೆಂದು ಪರಿಗಣಿತವಾಯಿತು. ಮೇಲಧಿಕಾರಿಯ ಅಧೀನದಲ್ಲಿರುವವರು ನೀಡುವ ಸಮ್ಮತಿಯನ್ನು ಸ್ವತಂತ್ರ ಸಮ್ಮತಿಯೆಂದು ಹೇಳುವುದು ಕಷ್ಟ.

ಜೈವಿಕ ನೈತಿಕತೆ ಮತ್ತು ಸುರಕ್ಷತೆಯ ಕಾನೂನು 2005ರಲ್ಲಿ ಜಾರಿಗೆ ಬಂದಾಗ ಮುಖ್ಯವಾಗಿ ಭ್ರೂಣ ಮತ್ತು ವಂಶವಾಹಿಗಳ ಸಂಶೋಧನೆಗೆ ಅನ್ವಯಿಸುತ್ತಿತ್ತು. 2013ರಲ್ಲಿ ಜಾರಿಯಾದ ತಿದ್ದುಪಡಿಯು ಅದನ್ನು ಮನುಷ್ಯರನ್ನು ಒಳಗೊಂಡ ಸಂಶೋಧನೆಗಳಿಗೆಲ್ಲ ವಿಸ್ತರಿಸಿತು. ಔಷಧಗಳ ಪ್ರಯೋಗಕ್ಕೆ ಆಹಾರ ಮತ್ತು ಔಷಧ ಸುರಕ್ಷತಾ ಸಚಿವಾಲಯದ ಅನುಮತಿ ಬೇಕು. ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಪ್ರಯೋಗಗಳನ್ನು ಮುಂಚಿತವಾಗಿ ನೋಂದಾಯಿಸಲು 2010ರಿಂದ ರಾಷ್ಟ್ರೀಯ ನೋಂದಣಿ ತಾಣವಿದ್ದು, ಅದು ವಿಶ್ವ ಆರೋಗ್ಯ ಸಂಸ್ಥೆಯ ಜಾಲದ ಭಾಗವಾಗಿದೆ.