ವೀರರಾಣಿಯ ಕಲ್ಪನೆಯೂ ಕಣ್ಣಾರೆ ಕಂಡ ರಾಣಿಯೂ

ಗುರುಗ್ರಾಮದಲ್ಲಿ ನೆಲಸಿದ ಕನ್ನಡಿಗರು ರಾಜ್ಯೋತ್ಸವದಂದು ಮಗಳಿಗೆ ಉಳ್ಳಾಲದ ಅಬ್ಬಕ್ಕನ ವೇಷ ತೊಡಿಸುವಾಗ ಕಿರೀಟ, ಕವಚ, ಖಡ್ಗಗಳನ್ನು ಅರಸುವುದು ಸಹಜವೇ. ಆದರೆ ಅಬ್ಬಕ್ಕನೆಂಬ ರಾಣಿಯನ್ನು ಪ್ರತ್ಯಕ್ಷ ಕಂಡ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆಯ ಬರಹದಲ್ಲಿ ಇವು ಮೂರೂ ಇಲ್ಲ. ಕವಿಗಳು ಕಲ್ಪಿಸಿದ ವೀರವನಿತೆಯನ್ನೂ ಅವನು ಕಂಡ ರಾಣಿಯನ್ನೂ ಎದುರುಬದುರಾಗಿ ಇಟ್ಟು ನೋಡೋಣ.

ತಪ್ಪು ಕಲ್ಪನೆ: ಯೂರೋಪಿನ ಪುನರುಜ್ಜೀವನ ಯುಗದ ಕವಿಗಳು ವೀರವನಿತೆಗೆ ಪುರುಷನ ಸಮಸ್ಥಾನವನ್ನಿತ್ತರು.
ಸತ್ಯ: ಆಯುಧವನ್ನಿತ್ತರು, ಆಳ್ವಿಕೆಯನ್ನಲ್ಲ. ಅರಿಯೋಸ್ತೊ ಕವಿಯ ‘ಒರ್ಲಾಂದೊ ಫುರಿಯೋಸೊ’ (1516) ಕಾವ್ಯದ ಬ್ರಾದಮಾಂತೆಯ ಶೌರ್ಯವು ವಿವಾಹದಲ್ಲಿ ಪರ್ಯವಸಾನವಾಗಿ, ಆಕೆ ಕವಿಯ ಆಶ್ರಯದಾತರಾದ ಎಸ್ತೆ ವಂಶದ ಮೂಲಮಾತೆಯೆನಿಸುತ್ತಾಳೆ. 1581ರಲ್ಲಿ ಪ್ರಕಟವಾದ ತಾಸ್ಸೊವಿನ ಜೆರುಸಲೇಮ್ ಮಹಾಕಾವ್ಯದ ಕ್ಲೋರಿಂದಳೋ, ಇರುಳ ಕಾಳಗದಲ್ಲಿ, ತನ್ನ ಗುರುತರಿಯದ ಪ್ರೇಮಿಯ ಕೈಯಿಂದಲೇ ಹತಳಾಗುತ್ತಾಳೆ.

ತಪ್ಪು ಕಲ್ಪನೆ: ಅಬ್ಬಕ್ಕ ಒಬ್ಬಳೇ.
ಸತ್ಯ: ಪೋರ್ಚುಗೀಸರು ಉಳ್ಳಾಲದ ಮೇಲೆ 1555ರಲ್ಲಿ ನಡೆಸಿದ ದಾಳಿಗೂ ಆ ಯಾತ್ರಿಕನು ರಾಣಿಯನ್ನು ಕಂಡ 1623ಕ್ಕೂ ನಡುವೆ 68 ವರ್ಷಗಳಿವೆ. ಉಳ್ಳಾಲವನ್ನಾಳಿದ, ಅಳಿಯಸಂತಾನದ ಚೌಟ ಮನೆತನದಲ್ಲಿ ಅಧಿಕಾರವು ಹೆಣ್ಣಿನ ಸಂತತಿಯಲ್ಲಿ ಇಳಿದುಬರುತ್ತಿತ್ತು. ಈ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರೆಂಬುದು ಅನೇಕ ಇತಿಹಾಸಕಾರರ ಮತ.

ತಪ್ಪು ಕಲ್ಪನೆ: ವೀರರಾಣಿಯೆಂದರೆ ಸದಾ ರಣಾಂಗಣದಲ್ಲಿರುವವಳು.
ಸತ್ಯ: ಪಿಯೆತ್ರೊ ದೆಲ್ಲಾ ವಾಲ್ಲೆ ಮನೇಲ್ ಎಂಬಲ್ಲಿ ಕಂಡ ರಾಣಿ, ಸೊಂಟಕ್ಕೆ ಹತ್ತಿಯ ವಸ್ತ್ರವನ್ನುಟ್ಟು, ಪರಿಚಾರಕನು ಹಿಡಿದ ಎಲೆಗೊಡೆಯ ನೆರಳಿನಲ್ಲಿ, ತಾನು ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಬರಿಗಾಲಿನಲ್ಲಿ ನಡೆದು ಹೊರಟಿದ್ದಳು. ರೂಪದಲ್ಲಿ ಅಡುಗೆಯಾಳಿನಂತೆ ತೋರಿದಳೆಂದು ಹೀಗಳೆದ ಅವನೇ, ಆಕೆ ಬಾಯ್ದೆರೆದೊಡನೆ ಮಾತಿನ ವಿವೇಕಕ್ಕೆ ತಲೆದೂಗಿದನು. ಆಕೆ ಯುದ್ಧವನ್ನರಿಯದವಳಲ್ಲ: ಪರಿತ್ಯಕ್ತ ಪತಿಯಾದ ಬಂಗರಸನ ಬೆನ್ನಿಗೆ ಪೋರ್ಚುಗೀಸರು ನಿಂತಾಗ, ಇಕ್ಕೇರಿಯ ವೆಂಕಟಪ್ಪ ನಾಯಕನ ನೆರವನ್ನು ಪಡೆದು ಇಬ್ಬರನ್ನೂ ಎದುರಿಸಿದ ಕಥೆಯನ್ನು ಹೇಳುವವನೂ ಅವನೇ.

ತಪ್ಪು ಕಲ್ಪನೆ: ಪೋರ್ಚುಗೀಸರೊಡನಿದ್ದ ಈ ವೈರಕ್ಕೆ ಕೇವಲ ಸ್ವಾಭಿಮಾನವೇ ಮೂಲ.
ಸತ್ಯ: ಸ್ವಾಭಿಮಾನದ ಜೊತೆಗೆ ಅಕ್ಕಿ, ಮೆಣಸುಗಳ ವ್ಯಾಪಾರವೂ ಇತ್ತು. ‘ಕರ್ತಾಜ್’ ಎಂಬ ರಹದಾರಿಯನ್ನು ಕೊಳ್ಳದ ಹಡಗು ತಮ್ಮ ವಶವೆಂದು ಪೋರ್ಚುಗೀಸರು ಸಾರುತ್ತಿದ್ದ ಕಾಲವದು. ಹಿಂದೂ ಮಹಾಸಾಗರದ ಹಡಗುಗಳ ಮಾಹಿತಿಯನ್ನು ಕಲೆಹಾಕುವ ನೌಕಾಪಡೆಯ ಕೇಂದ್ರವು 2018ರಿಂದ ಕಡಲಿಲ್ಲದ ಗುರುಗ್ರಾಮದಲ್ಲಿಯೇ ಕಾರ್ಯನಿರತವಾಗಿರುವುದನ್ನು ನೆನೆದರೆ, ಕಡಲಿನ ಹಾದಿಯ ಮೇಲಣ ಹಿಡಿತವು ಎಂಥ ರಾಜಕಾರಣವೆಂಬುದು ಮನದಟ್ಟಾಗುತ್ತದೆ. ಕವಿಗಳ ವೀರವನಿತೆಗೆ ಒದಗದ ಆಳ್ವಿಕೆಯ ಈ ಹೊಣೆಯನ್ನು ಹೊತ್ತುದೇ ಅಬ್ಬಕ್ಕರ ನಿಜವಾದ ಹಿರಿಮೆ.