ದೂರದ ಪಾಠಕ್ಕೆ ಹತ್ತಿರದ ಕಿವಿ

ಸಂಸ್ಕೃತದಲ್ಲಿ ಶಿಷ್ಯನಿಗೆ ‘ಅಂತೇವಾಸಿ’ ಎಂಬ ಹೆಸರೊಂದುಂಟು. ಗುರುವಿನ ಸಮೀಪದಲ್ಲಿ ವಾಸಿಸುವವನೆಂದು ಅದರ ಅರ್ಥವು. ವಿದ್ಯೆಯನ್ನು ಹತ್ತಿರ ಕುಳಿತೇ ಪಡೆಯತಕ್ಕದ್ದೆಂಬ ನಮ್ಮ ಹಿರಿಯರ ತಿಳಿವಳಿಕೆಯು ಈ ಒಂದು ಶಬ್ದದಲ್ಲಿಯೇ ಅಡಗಿರುವದು. ಮೂವತ್ತು ವರ್ಷಗಳಿಗೂ ಮಿಕ್ಕಿ ಮಾಸ್ತರಿಕೆ ಮಾಡಿದ ನಾನು ಈ ಶಬ್ದವನ್ನು ಎಷ್ಟೋ ಸಲ ಬಿಡಿಸಿ ಹೇಳಿದ್ದೆನು. ಅದರ ಪೂರ್ಣವಾದ ಅರ್ಥವು ಮನಗಂಡದ್ದು ಮಾತ್ರ 2020ನೆಯ ಇಸವಿಯಲ್ಲಿ, ಮಕ್ಕಳು ನನ್ನ ಸಮೀಪದಲ್ಲಿ ಇಲ್ಲದಂತಾದಾಗ.

ಆ ವರ್ಷದ ಮಾರ್ಚ್ ತಿಂಗಳಲ್ಲಿ ಕೋವಿಡ್ ಎಂಬ ಸಾಂಕ್ರಾಮಿಕ ರೋಗದ ನಿಮಿತ್ತ ನಮ್ಮ ರಾಜ್ಯದ ಶಾಲೆಗಳೆಲ್ಲ ಮುಚ್ಚಲ್ಪಟ್ಟವು. 25ನೆಯ ತಾರೀಖಿನಿಂದ ದೇಶವೇ ಬಾಗಿಲಿಕ್ಕಿಕೊಂಡಿತು. ಜಗತ್ತಿನ 190ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳ ಕಲಿಕೆಗೆ ಆಗ ಧಕ್ಕೆಯೊದಗಿತೆಂದು ವಿಶ್ವಸಂಸ್ಥೆಯು ಲೆಕ್ಕ ಹಾಕಿರುವದು. ಆ ದೊಡ್ಡ ಲೆಕ್ಕದಲ್ಲಿ ನಮ್ಮ ಹಾನಗಲ್ಲ ತಾಲೂಕಿನ ಅಕ್ಕಿಆಲೂರು ಹಾಗೂ ಸುತ್ತಲಿನ ಹಳ್ಳಿಗಳ ಮಕ್ಕಳೂ ಸೇರಿದ್ದರು. ಆ ಹಳ್ಳಿಗಳಲ್ಲೊಂದರ ಪ್ರಾಥಮಿಕ ಶಾಲೆಯಲ್ಲಿ ನಾನು ಆಗ ಕನ್ನಡ ಕಲಿಸುತ್ತಿದ್ದೆನು.

ಪಾಠವನ್ನು ಮೊಬೈಲಿನಲ್ಲಿ ಕಳಿಸಿರೆಂದು ಹೇಳುವದು ಸುಲಭವು. ಆದರೆ 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಭಾರತದ ಹಳ್ಳಿಗಳಲ್ಲಿ ನೂರಕ್ಕೆ ಹದಿನೈದು ಮನೆಗಳಿಗೆ ಮಾತ್ರ ಇಂಟರ್‌ನೆಟ್ ಸೌಕರ್ಯವಿದ್ದಿತು. ನಮ್ಮಲ್ಲಿ ಮನೆಗೊಂದು ಮೊಬೈಲಿದ್ದರೂ ಅದು ತಂದೆಯ ಕಿಸೆಯಲ್ಲಿ ಹೊಲಕ್ಕೆ ಹೋಗುತ್ತಿತ್ತು. ಅವನು ಗೋವಿನಜೋಳದ ಹೊಲದಿಂದ ಮರಳಿ ಬಂದು ಉಣ್ಣುವ ಹೊತ್ತಿಗೆ ನಮ್ಮ ಪಾಠವು ಮಗುವಿನ ಕೈ ಸೇರಬೇಕು. ಮಗುವಾದರೋ ಅಷ್ಟರಲ್ಲಿ ನಿದ್ರೆಗೆ ಜಾರಿರುತ್ತಿತ್ತು. 2020ರ ಜುಲೈ 20ರಿಂದ ದೂರದರ್ಶನದ ಚಂದನ ವಾಹಿನಿಯು ‘ಸೇತುಬಂಧ’ವೆಂಬ ಹೆಸರಿನಿಂದ ಪಾಠಗಳನ್ನು ಬಿತ್ತರಿಸತೊಡಗಿತು. ಅವು ಮೊದಲಿಗೆ ಎಂಟರಿಂದ ಹತ್ತನೆಯ ಇಯತ್ತೆಯವರಿಗಾಗಿ ಇದ್ದವು. ಅಕ್ಷರವು ಇನ್ನೂ ಗಟ್ಟಿಯಾಗದ ಚಿಕ್ಕ ಮಕ್ಕಳು ಈಚೆಯ ದಂಡೆಯಲ್ಲಿಯೇ ಉಳಿದರು.

ಅದೇ ಅಗಸ್ಟ್ ತಿಂಗಳಲ್ಲಿ ಸರಕಾರವು ‘ವಿದ್ಯಾಗಮ’ ಯೋಜನೆಯನ್ನು ತಂದಿತು. ಮೊಬೈಲೇ ಇಲ್ಲದವರು, ಬರಿಯ ಮಾತಿನ ಮೊಬೈಲುಳ್ಳವರು, ಇಂಟರ್‌ನೆಟ್ ಸಹಿತವಾದ ಮೊಬೈಲುಳ್ಳವರು ಎಂದು ಮಕ್ಕಳನ್ನು ಮೂರು ತೆರನಾಗಿ ವಿಂಗಡಿಸಿ, ಶಿಕ್ಷಕರು ಅವರಿದ್ದಲ್ಲಿಗೇ ಹೋಗಬೇಕೆಂದು ಗೊತ್ತುಪಡಿಸಲಾಯಿತು. ಗುಡಿಯ ಪೌಳಿ, ಸಮುದಾಯ ಭವನ, ಮರದ ನೆರಳು, ಎಲ್ಲವೂ ಶಾಲೆಗಳಾದವು. ಜನರು ಇವನ್ನು ವಠಾರ ಶಾಲೆಗಳೆಂದು ಕರೆದರು.

ಅಂಥದೊಂದು ಪೌಳಿಯಲ್ಲಿ ನಡೆದ ಸಂಗತಿಯನ್ನು ವಾಚಕರು ಲಕ್ಷ್ಯವಿಟ್ಟು ಕೇಳಬೇಕು. ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ಪ್ರತಿವಾರ ತನ್ನ ಓದನ್ನು ವಾಟ್ಸಾಪಿನಲ್ಲಿ ಧ್ವನಿಮುದ್ರಿಸಿ ಕಳಿಸುತ್ತಿದ್ದಳು. ಓದು ನೀರು ಹರಿದಂತೆ ಇರುತ್ತಿತ್ತು. ಅವಳನ್ನು ಎದುರಿಗೆ ಕುಳ್ಳಿರಿಸಿ ಅದೇ ಪಾಠವನ್ನು ಓದಿಸಿದೆನು, ತಡೆಯಿಲ್ಲದೆ ಓದಿದಳು. ನಡುವಿನ ಒಂದು ಶಬ್ದದ ಮೇಲೆ ಬೆರಳಿಟ್ಟು ಇದೇನೆಂದು ಕೇಳಲು, ಸುಮ್ಮನಾದಳು. ಇನ್ನೊಂದರ ಮೇಲೆ ಇಟ್ಟಾಗಲೂ ಮೌನವೇ. ಅಕ್ಕನು ಓದಿ ಹೇಳಿದ್ದನ್ನು ಅವಳು ಬಾಯಿಪಾಠ ಮಾಡಿದ್ದಳು. ಅದರಲ್ಲಿ ಕಪಟವೇನೂ ಇರಲಿಲ್ಲ. ಓದುವದೆಂದರೆ ಇದೇ ಎಂದು ಆ ಕೂಸು ಪ್ರಾಮಾಣಿಕವಾಗಿ ತಿಳಿದಿತ್ತು.

ದೂರದ ಕಲಿಕೆಯ ಮಾತು ಬಂದಾಗ ಅನೇಕರು ಏಕಲವ್ಯನ ಹೆಸರನ್ನು ಹೇಳುವರು. ಮಣ್ಣಿನ ಮೂರ್ತಿಯೆದುರಿಗೆ ಅವನು ಬಿಲ್ವಿದ್ಯೆ ಕಲಿಯಲಿಲ್ಲವೇ ಎಂದು ಕೇಳುವರು. ಕಲಿತನೆಂಬುದು ದಿಟವು. ಆದರೆ ಬಿಲ್ಲುಗಾರನಿಗೆ ಗುರಿಯೇ ಒಬ್ಬ ಗುರುವೆಂಬುದನ್ನು ಮರೆಯಬಾರದು. ಬಾಣವು ತಾಗಿತೋ ತಪ್ಪಿತೋ ಎಂಬುದು ಆ ಕ್ಷಣವೇ ಅವನಿಗೆ ತಿಳಿಯುವದು. ಅಕ್ಷರ ಕಲಿಯುವ ಮಗುವಿಗೆ ಅಂಥ ಗುರಿಯಿಲ್ಲ. ‘ದನ’ವನ್ನು ‘ಧನ’ವೆಂದು ಓದಿದರೆ ಪುಸ್ತಕವು ಅಲ್ಲವೆಂದು ಹೇಳಲಾರದು, ಮೊಬೈಲಿನೊಳಗಿನ ಪಾಠವೂ ಹೇಳಲಾರದು. ಯಂತ್ರವು ಮಾಸ್ತರನ ದನಿಯನ್ನು ಮಗುವಿನವರೆಗೆ ಒಯ್ದೀತು. ಮಗುವು ಎಲ್ಲಿ ಎಡವಿತೆಂಬುದನ್ನು ಅರಿಯಲು ಒಂದು ಕಿವಿಯು ಹತ್ತಿರದಲ್ಲಿ ಬೇಕು. ವೇದಪಾಠವನ್ನು ಕಲಿಸುವವರು ಇಂದಿಗೂ ಶಿಷ್ಯನ ಬಾಯಿಂದ ಪ್ರತಿಯೊಂದು ಸ್ವರವನ್ನು ಕೇಳಿಯೇ ಮುಂದೆ ಸಾಗುವದು ಇದೇ ಕಾರಣದಿಂದ.

ಆ ಹುಡುಗಿಗೆ ನನ್ನ ಕಿವಿಯು ಬಹಳ ದಿನ ದೊರೆಯಲಿಲ್ಲ. ರೋಗವು ಹಬ್ಬಿದ್ದರಿಂದ ಅಕ್ಟೋಬರದಲ್ಲಿ ವಿದ್ಯಾಗಮವು ನಿಂತಿತು. ನಾನು ಅವಳ ಅಜ್ಜಿಯ ಬಳಿ ಹೋಗಿ, ದಿನಾಲು ಸಂಜೆ ಮೊಮ್ಮಗಳ ಓದನ್ನು ಕೇಳಿರೆಂದು ಬಿನ್ನವಿಸಿದೆನು.

“ನನಗ ಅಕ್ಷರದ ಗಂಧ ಇಲ್ಲರಿ ಮಾಸ್ತರ. ಆಕಿ ಓದಿದ್ದು ಖರೇನೋ ಸುಳ್ಳೋ ನನಗ ಹೆಂಗ ತಿಳೀಬೇಕು?” ಎಂದಳು ಆ ಮುದುಕಿ.

“ಓದಾಕ ಬರದಿದ್ರೂ ಕೇಳಾಕ ಬರತೈತಲ್ಲ ಅಜ್ಜೀ, ಅಷ್ಟ ಸಾಕು” ಎಂದು ಹೇಳಿ, ಒಂದು ಉಪಾಯವನ್ನು ತೋರಿಸಿಕೊಟ್ಟೆನು. ಪುಟದಲ್ಲಿ ಬೇಕಾದ ಒಂದು ಶಬ್ದದ ಮೇಲೆ ಬೆರಳಿಟ್ಟು ಅದೇನೆಂದು ಕೇಳುವದು. ಬಂದ ಉತ್ತರವನ್ನು ನೆನಪಿನಲ್ಲಿಡುವದು. ಹತ್ತಾರು ಬೇರೆ ಶಬ್ದಗಳಾದ ಮೇಲೆ ಹಠಾತ್ತಾಗಿ ಮೊದಲಿನ ಶಬ್ದಕ್ಕೇ ಮರಳಿ ಬರುವದು. ಉತ್ತರವು ಬೇರೆಯಾದರೆ ಮಗುವು ಊಹಿಸುತ್ತಿರುವದೆಂದು ತಿಳಿಯಬೇಕು. ಅಜ್ಜಿಗೆ ಇದು ಒಂದು ಆಟವೇ ಆಯಿತು.

ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ಇಯತ್ತೆಯ ತರಗತಿಗಳು ಮರಳಿ ತೆರೆದದ್ದು 2021ರ ಅಕ್ಟೋಬರ 25ರಂದು. ಸುಮಾರು ಹತ್ತೊಂಬತ್ತು ತಿಂಗಳುಗಳ ಮೇಲೆ. ಮಾರಿಗಿಂತ ಮೊದಲು ಒಂದನೆಯ ಇಯತ್ತೆಯಲ್ಲಿದ್ದ ಮಗುವು ಮೂರನೆಯದರಲ್ಲಿ ಬಂದು ಕುಳಿತಿತು. ಆ ಹುಡುಗಿಯೂ ಐದನೆಯ ಇಯತ್ತೆಗೆ ಬಂದಳು. ಸಾಲಿನ ಕೆಳಗೆ ಬೆರಳೂರಿ, ಒತ್ತಕ್ಷರಗಳಲ್ಲಿ ತಡೆದು, ನಿಧಾನವಾಗಿ ಓದಿದಳು. ಓದು ನೀರಿನಂತೆ ಹರಿಯಲಿಲ್ಲ; ಆದರೆ ಅವಳದೇ ಆಗಿತ್ತು.

ಎಲ್ಲರ ಕಥೆಯೂ ಹೀಗೆ ಮುಗಿಯಲಿಲ್ಲ. ಏಳನೆಯ ಇಯತ್ತೆಯ ಹುಡುಗನೊಬ್ಬನ ಮನೆಯಲ್ಲಿ ಒಳ್ಳೆಯ ಮೊಬೈಲಿದ್ದಿತು. ಪಾಠಗಳೆಲ್ಲ ತಪ್ಪದೆ ಮುಟ್ಟುತ್ತಿದ್ದವು. ಕೇಳುವವರು ಮಾತ್ರ ಯಾರೂ ಇರಲಿಲ್ಲ. ಅವನು ಗೋವಿನಜೋಳದ ರಾಶಿಯಂತ್ರದ ಹಿಂದೆ ಕೂಲಿಗೆ ಹೋದನು. 2021ರ ಜನೇವರಿಯಲ್ಲಿ ಆರರಿಂದ ಒಂಬತ್ತರವರೆಗಿನವರಿಗೆ ವಿದ್ಯಾಗಮವು ಮತ್ತೆ ಆರಂಭವಾದಾಗ ನಾನು ಎರಡು ಸಲ ಅವನ ಮನೆಗೆ ಹೋದೆನು. “ಬರತೇನ್ರಿ ಸರ” ಎಂದನು, ಬರಲಿಲ್ಲ.

ಇದು ನಮ್ಮೂರೊಂದರ ಮಾತಲ್ಲ. ಅಜೀಂ ಪ್ರೇಮಜಿ ಸಂಸ್ಥೆಯವರು 2021ರ ಜನೇವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿದರು. ಹಿಂದಿನ ವರ್ಷಕ್ಕೆ ಹೋಲಿಸಿದರೆ ನೂರಕ್ಕೆ 92 ಮಕ್ಕಳು ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ ಈ ಸಂಖ್ಯೆಯು 82. ಆದುದರಿಂದಲೇ ನಮ್ಮ ಸರಕಾರವು 2022-23ನೆಯ ಸಾಲನ್ನು ‘ಕಲಿಕಾ ಚೇತರಿಕೆ’ಯ ವರ್ಷವೆಂದು ಸಾರಿ, ಹಿಂದೆ ಬಿದ್ದುದನ್ನು ಮತ್ತೆ ಕಲಿಸಲು ತೊಡಗಿತು.

ಮಾರಿಯು ಹೋಯಿತು, ಮೊಬೈಲಿನ ಪಾಠಗಳು ಮನೆಗಳಲ್ಲಿ ಉಳಿದುಕೊಂಡಿವೆ. ಅವು ಬೇಡವೆಂದು ನಾನು ಹೇಳುವದಿಲ್ಲ. ಒಳ್ಳೆಯ ಪಾಠವು ಎಲ್ಲಿಂದ ಬಂದರೂ ಗ್ರಾಹ್ಯವೇ. ಆದರೆ ತಾಯಿತಂದೆಗಳೇ, ಅಜ್ಜಅಜ್ಜಿಯರೇ, ಪಾಠವು ಮುಗಿದ ಮೇಲೆ ಹತ್ತು ನಿಮಿಷ ಮಗುವನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಗಟ್ಟಿಯಾಗಿ ಓದಿಸಿರಿ. ಅವಸರಪಡಿಸಬೇಡಿರಿ, ತಪ್ಪಿದರೆ ಗದರಿಸಬೇಡಿರಿ. ನಿಮಗೆ ಓದು ಬರಲಿ ಬಾರದಿರಲಿ, ಅಂತೇವಾಸಿಯಾಗಿ ನಿಮ್ಮ ಮಗ್ಗುಲಲ್ಲಿಯೇ ಇರುವ ಕೂಸಿಗೆ ಇಷ್ಟನ್ನಾದರೂ ನೀವು ಇಂದು ಸಂಜೆಯಿಂದಲೇ ಕೊಡಬಲ್ಲಿರಿ.